ಹೆಸರು ಹಾಕದ ಚೀಟಿಗಳು

ಅಮೀರ್‌ಪೇಟ್, ಹೈದರಾಬಾದ್
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಶೈಲಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಬೀದರಿನ ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯೋ, ಮೊಳೆಗೆ ನೇತುಹಾಕಿದ್ದೀಯೋ? ಪಿಂಕಿಗೆ ಮುಂದಿನ ಹಲ್ಲು ಬಂತೇ? ನಾನು ಚೆನ್ನಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ‘ಹ್ಞೂಂ’ ಎಂದು ಸುಮ್ಮನಾಗುತ್ತೇನೆ. ಕಾಗದ ಮುಗಿಯುವವರೆಗೆ ನೀನು ಕೇಳಲೇಬೇಕು.

ಇಂಗ್ಲಿಷ್ ಸಾಹಿತ್ಯ ಓದಿದವಳಿಗೆ ಕೆಮಿಸ್ಟ್ರಿ ವಿಭಾಗದಲ್ಲೇನು ಕೆಲಸ ಎಂದು ನಕ್ಕಿದ್ದೆಯಲ್ಲ, ಕೇಳು. ಎಂ.ಎಸ್ಸಿ. ಮಕ್ಕಳು ಐದೈದು ಜನ ಗುಂಪಾಗಿ ಸಂಶೋಧನೆಯ ಯೋಜನೆ ಹಾಕಬೇಕು. ಪ್ರಶ್ನೆ ಯಾವುದು, ಪ್ರಯೋಗ ಹೇಗೆ, ಯಾರ ಪಾಲಿಗೆ ಯಾವ ಕೆಲಸ ಎಂದು ಅವರು ತೀರ್ಮಾನಿಸುವಾಗ ಜೊತೆಗಿದ್ದು ಬರವಣಿಗೆ ತಿದ್ದಿಕೊಡುವುದು ನನ್ನ ಕೆಲಸ. ಮೊದಲ ವಾರವೇ ನೋಡಿದೆ: ಪ್ರತಿ ಗುಂಪಿನಲ್ಲೂ ಇಬ್ಬರು ಮಾತಾಡುತ್ತಾರೆ, ಮೂವರು ಪೆನ್ನಿನ ಕ್ಯಾಪು ಕಚ್ಚುತ್ತಾರೆ. ಕಾಲೇಜಿನ ಐದು ವರ್ಷ ನಾನು ಕಚ್ಚಿದ ಕ್ಯಾಪುಗಳು ನಿನಗೆ ಗೊತ್ತೇ ಇವೆ. ಅದಕ್ಕೇ ಒಂದು ಉಪಾಯ ಮಾಡಿದೆ. ಯಾರೂ ಮಾತಾಡುವಂತಿಲ್ಲ. ತಮಗೆ ಹೊಳೆದದ್ದನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಎಲ್ಲವನ್ನೂ ಓದಿ ಒಂದನ್ನು ಆರಿಸಬೇಕು. ಯಾರದೆಂದು ಯಾರೂ ಕೇಳಬಾರದು, ನಾನೂ ಹೇಳಬಾರದು. ಅಂಜುವವರಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಉಂಟೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರನೆಯ ಗುಂಪಿನಲ್ಲಿ ಗೋದಾವರಿ ಎಂಬ ಹುಡುಗಿ ಇದ್ದಾಳೆ. ಯಾದಗಿರಿ ಕಡೆಯವಳು. ತಂದೆ ತಾಯಿ ಗಚ್ಚಿಬೌಲಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸದಲ್ಲಿದ್ದಾರೆ, ಮೂವರೂ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಅದೇ ಗುಂಪಿನ ವಿಜಯಕುಮಾರ ಬಟ್ಟೆ ವ್ಯಾಪಾರಿಯ ಮಗ, ನಾಲ್ಕು ಭಾಷೆಯಲ್ಲಿ ಹರಟಬಲ್ಲ. ಅವಳು ಬಂದ ಕೂಡಲೇ ‘ಸಿಮೆಂಟ್ ಮೇಡಂ ಬಂದ್ರು, ಕುರ್ಚಿ ಒರಸ್ರಪ್ಪ’ ಎನ್ನುತ್ತಾನೆ. ಆದರೆ ಆ ಗುಂಪು ಒಮ್ಮತದಿಂದ ಆರಿಸಿದ್ದು ಅವಳ ಚೀಟಿಯನ್ನೇ. ಶೆಡ್ಡಿನವರು ಕುಡಿಯುವ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಮಕ್ಕಳ ಹಲ್ಲು ಹಳದಿಯಾಗಿವೆ, ಹುರಿದ ಹುಣಸೆ ಬೀಜದ ಪುಡಿ ಅದನ್ನು ಎಷ್ಟು ಹೀರುತ್ತದೆ ಎಂದು ಅಳೆದು ನೋಡೋಣ ಎಂದು ಬರೆದಿದ್ದಳು. ನನಗೆ ಅವಳ ಅಕ್ಷರ ಗೊತ್ತು. ಮುಖದಲ್ಲಿ ಗೊತ್ತಾಗಬಾರದೆಂದು ನಾನು ಗೋಡೆ ನೋಡಿದೆ.

ಕಳೆದ ಸೋಮವಾರ ನೋಟೀಸು ಬಂತು. ಪ್ರತಿ ಗುಂಪಿನಲ್ಲಿ ಮೂಲ ಯೋಚನೆ ಕೊಟ್ಟವರಿಗೆ ಒಂದು ಲ್ಯಾಬಿನಲ್ಲಿ ಎರಡು ವರ್ಷದ ಸಂಶೋಧನೆಯ ಸೀಟು, ಹಾಸ್ಟೆಲ್ ಕೋಣೆ ಸಮೇತ. ಗೋದಾವರಿಗೆ ಅದು ಸಿಗದಿದ್ದರೆ ಓದು ಇಲ್ಲಿಗೇ ನಿಂತಂತೆ, ಏಪ್ರಿಲಿನಲ್ಲಿ ಕಟ್ಟಡ ಮುಗಿದರೆ ಶೆಡ್ಡೂ ಕಿತ್ತುಹೋಗುತ್ತದೆ. ವಿಭಾಗದ ಮುಖ್ಯಸ್ಥರು ಸೂರ್ಯಕಾಂತ ಸರ್ ಯಾರದೆಂದು ಕೇಳಿದಾಗ ವಿಜಯಕುಮಾರ ಎದ್ದು ‘ನಂದ್ರಿ ಸರ್’ ಎಂದ. ಗೋದಾವರಿ ಕೂತಲ್ಲಿಂದಲೇ ‘ಇಲ್ರಿ ಸರ್, ಅದು ನಾ ಬರದದ್ರಿ’ ಎಂದಳು. ಅವನು ನಕ್ಕ: ‘ಶೆಡ್ಡಿನ ನೀರಂದ ಕೂಡ್ಲೆ ಶೆಡ್ಡಿನಾಕೀದ ಆಗ್ತೈತೇನ್ರಿ? ನಾಳೆ ಹುಸೇನ್ ಸಾಗರದ ಮ್ಯಾಲ ಪ್ರಾಜೆಕ್ಟ್ ಮಾಡಿದ್ರ ಕೆರೀನೂ ನಂದಂತಾಳ.’ ಉಳಿದ ಮೂವರೂ ನಕ್ಕರು. ಸರ್ ನನ್ನ ಕಡೆ ತಿರುಗಿ ‘ಶಾಂಭವಿ ಮೇಡಂ, ನಿಮಗ ಗೊತ್ತೈತೇನು?’ ಎಂದರು. ಇಪ್ಪತ್ತು ಜೊತೆ ಕಣ್ಣು ನನ್ನ ಮೇಲೆ. ನನ್ನ ಬಾಯಿಂದ ಬಂದದ್ದು, ‘ಹೆಸರು ಹೇಳಬಾರದು ಅಂತ ನಿಯಮ ಸರ್.’ ಅವರಿಗೆ ಅದು ಭಾಳ ಹಿಡಿಸಿತು. ಸೀಟು ಯಾರಿಗೆ ಎಂಬುದನ್ನೂ ಚೀಟಿಯಲ್ಲೇ ತೀರ್ಮಾನಿಸಿ ಎಂದರು. ನಾಲ್ಕು ಚೀಟಿ ಅವನಿಗೆ, ಒಂದು ಅವಳಿಗೆ. ಆಮೇಲೆ ಕೆಲಸ ಹಂಚಿಕೊಂಡರು. ಯಂತ್ರದ ಮುಂದೆ ಕೂರುವವರು ಬೇರೆ, ಗ್ರಾಫ್ ಹಾಕುವವರು ಬೇರೆ. ಇವಳು ಶೆಡ್ಡಿನಿಂದ ನೀರು ಹೊತ್ತು ತರಬೇಕು, ಬೀಜ ಹುರಿಯಬೇಕು. ‘ನಿಮ್ಮನ್ಯಾಗ ಕಟಗಿ ಒಲಿ ಐತಲ್ಲ, ಚಲೋ ಆತು’ ಎಂದ ವಿಜಯಕುಮಾರ. ಅವಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ನಾನೇನು ಮಾಡಲಿ ಹೇಳು, ನಿಯಮ ಎಲ್ಲರಿಗೂ ಒಂದೇ ಅಲ್ಲವೇ. ಮಾಮಾನಿಗೆ ನಮಸ್ಕಾರ ಹೇಳು, ಪಿಂಕಿಯ ಗಲ್ಲಕ್ಕೆ ನನ್ನ ಪರವಾಗಿ ಎರಡು ಮುತ್ತು. ಭಾರ ಎತ್ತಬೇಡ.

ನಿನ್ನ ತಂಗಿ,
ಶಾಂಭವಿ

ತಾ.ಕ.: ಅಕ್ಕಾ, ಲಕೋಟೆ ಅಂಟಿಸುವ ಮೊದಲು ಇಷ್ಟು. ಗುರುವಾರ ಗೋದಾವರಿ ಪ್ರಿನ್ಸಿಪಾಲರಿಗೆ ಅರ್ಜಿ ಬರೆದು ‘ಇಂಗ್ಲಿಷ್ ತಪ್ಪಿದ್ರ ತಿದ್ದಿಕೊಡ್ರಿ ಮಿಸ್’ ಎಂದು ನನ್ನ ಹತ್ತಿರವೇ ತಂದಳು. ‘ಈ ಯೋಚನೆ ನನ್ನದು, ಶಾಂಭವಿ ಮಿಸ್ ಅವರಿಗೆ ಗೊತ್ತು’ ಎಂದಿತ್ತು. ಆ ಸಾಲು ಉಳಿದರೆ ನನ್ನನ್ನು ಕಮಿಟಿಯ ಮುಂದೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅರ್ಜಿಯಲ್ಲಿ ಹಾಗೆಲ್ಲ ಬರೆದರೆ ಸೊಕ್ಕು ಅನ್ನಿಸುತ್ತದೆ ಎಂದು ಹೇಳಿ ಹೊಡೆದುಹಾಕಿದೆ. ‘ನನ್ನ ಶ್ರಮವನ್ನು ದಯವಿಟ್ಟು ಪರಿಗಣಿಸಿ’ ಎಂದು ಚಂದ ಮಾಡಿ ಬರೆದುಕೊಟ್ಟೆ. ‘ನಿಮಗ ತಿಳೀತೈತ್ರಿ’ ಎಂದು ಸಹಿ ಹಾಕಿದಳು. ಯೋಚನೆ ತನ್ನದೆಂದು ಅರ್ಜಿಯಲ್ಲಿ ಎಲ್ಲೂ ಹೇಳಿಲ್ಲ ಎಂದು ನಿನ್ನೆ ತಳ್ಳಿಹಾಕಿದರು. ಇವತ್ತು ಬೆಳಿಗ್ಗೆ ಅವಳು ನಾನಿರುವ ಲೇಡೀಸ್ ಹಾಸ್ಟೆಲಿನವರೆಗೆ ಬಂದಿದ್ದಳು. ತಿದ್ದಿಕೊಟ್ಟಿದ್ದಕ್ಕೆ ಅವಳ ಅವ್ವ ಹಂಪಮ್ಮ ಶೇಂಗಾ ಹೋಳಿಗೆ ಕಳಿಸಿದ್ದಾರೆ. ಎರಡು ತಿಂದೆ.