ತೊಟ್ಟಿಯ ನೀರಿಗೆ ಕೈ ಹಾಕುವವರು

ಶಿಡ್ಲಘಟ್ಟ
14 ಸೆಪ್ಟೆಂಬರ್ 2025, ಭಾನುವಾರ

ಮುದ್ದಿನ ಮೊಮ್ಮಗಳು ಹರಿಣಮ್ಮನಿಗೆ ತಾತನ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಕೆಮ್ಮು ಇಳಿಯಿತೇ? ಹಾಸ್ಟೆಲಿನ ಸಾರು ಎಷ್ಟೇ ನೀರಾಗಿದ್ದರೂ ಊಟ ಬಿಡಬೇಡ. ನಿಮ್ಮ ಶಾಲೆಯಲ್ಲಿ ಫೋನು ಕೊಡದಿರುವುದರಿಂದ ನನ್ನ ಅಕ್ಷರವಾದರೂ ದುಂಡಗಾಗುತ್ತಿದೆ.

ಇನ್ನು ನಿನ್ನ ಮೀನಿನ ತೊಟ್ಟಿಯ ವಿಷಯ. ಬೇಸಿಗೆಯಲ್ಲಿ ಹೊಸ ನೀರಿಗೇ ಮೀನು ಬಿಟ್ಟು, ಎಲ್ಲವೂ ಸತ್ತು, ನೀನು ಅತ್ತಿದ್ದನ್ನು ನಾನು ಮರೆತಿಲ್ಲ. ಅದಕ್ಕೇ ದಸರಾ ರಜೆಯೊಳಗೆ ನೀರನ್ನು ಹದಕ್ಕೆ ತರುತ್ತೇನೆಂದು ಮಾತು ಕೊಟ್ಟಿದ್ದು. ನೀನು ಹೇಳಿಕೊಟ್ಟಂತೆ ಖಾಲಿ ತೊಟ್ಟಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಸುತ್ತಿದ್ದೇನೆ. ಅದರಿಂದ ಹುಟ್ಟುವ ಅಮೋನಿಯಾ ವಿಷವನ್ನು ತಿನ್ನುವ ಒಳ್ಳೆಯ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಬೇಕಲ್ಲವೇ? ಮಾಡುತ್ತಲೂ ಇದ್ದವು! ಪರೀಕ್ಷೆಯ ಹನಿ ಹಾಕಿದರೆ ಆ ವಿಷಕ್ಕೆ ಕಡು ಹಸಿರಾಗುತ್ತಿದ್ದ ನೀರು ಹಳದಿಗೆ ತಿರುಗತೊಡಗಿತ್ತು. ಇದ್ದಕ್ಕಿದ್ದಂತೆ ಮತ್ತೆ ಹಸಿರು. ಪ್ರತಿ ಸಲವೂ ಇದೇ ಕಥೆ. ಇದರಲ್ಲಿ ಯಾರದೋ ಕೈವಾಡ ಇದ್ದೇ ಇದೆ.

ಮೊದಲು ಮೀನಿನ ಅಂಗಡಿಯ ಜಗನ್ ಹಳೇ ಹನಿ ಕೊಟ್ಟನೆಂದು ಹೋಗಿ ಜಗಳವಾಡಿದೆ. ಅವನು ನನ್ನೆದುರೇ ಹೊಸ ಸೀಸೆ ತೆಗೆದು ನೋಡಿದ. ಹಸಿರೇ. ಆಮೇಲೆ ನಲ್ಲಿ ನೀರಿನ ಮೇಲೆ ಗುಮಾನಿ ಬಂದು, ಈಗ ಬಕೆಟ್ಟಿನಲ್ಲಿ ಹಿಡಿದಿಟ್ಟು, ಕ್ಲೋರಿನ್ ಆರಿಸಿಯೇ ಹಾಕುತ್ತೇನೆ; ಆದರೂ ಹಸಿರೇ. ಇನ್ನು ಉಳಿದವಳು ನಿನ್ನ ಅಜ್ಜಿ ಆಂಜಿನಮ್ಮ. ನಾನು ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಹೋಗಿಬಂದಾಗಲೆಲ್ಲ ಆ ಜೀವಿಗಳಿರುವ ಸ್ಪಂಜಿನ ಲೋಳೆ ಮಾಯ, ಅವಳ ಸೆರಗು ಒದ್ದೆ. ಕೇಳಿದರೆ, "ನೀವು ಸುಮ್ನಿರಿ, ನಾನೇನ್ ಮಾಡ್ಲಿಲ್ಲ" ಎನ್ನುತ್ತಾಳೆ. ಮೀನಿನ ವಾಸನೆ ಅವಳಿಗೆ ಮೊದಲಿನಿಂದಲೂ ಆಗದು. ತೊಟ್ಟಿ ಖಾಲಿಯೇ ಇರಲೆಂದು ಅವಳ ಆಸೆ ಇರಬೇಕು. ಕಟ್ಟಿಕೊಂಡವಳನ್ನೇ ಕಾಯುವ ಹಾಗಾಯಿತಲ್ಲ ಎಂದು ಬೇಸರವಾಗುತ್ತದಮ್ಮ.

ಅಪ್ಪ, ಅಮ್ಮ ನಿನ್ನನ್ನು ನೆನೆಯುತ್ತಿರುತ್ತಾರೆ. ಚೆನ್ನಾಗಿ ಓದಿ, ನೂರು ಕಾಲ ನಗುನಗುತ್ತಾ ಇರು.

ನಿನ್ನ ತಾತ,
ಕೋನಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಜ್ಜಿ ಸಿಕ್ಕಿಬಿದ್ದಳು. ರೇಷ್ಮೆ ಹುಳದ ಮನೆ ತೊಳೆಯುವ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಸ್ಪಂಜನ್ನು ಅದ್ದಿ ಹಿಂಡುತ್ತಿದ್ದಳು. ನಮ್ಮ ಮನೆಯಲ್ಲಿ ಸದಾ ಅದೇ ವಾಸನೆ, ನನಗೆ ಹೇಗೆ ತಿಳಿಯಬೇಕು? ಒಳ್ಳೆಯ ಜೀವಿಗಳನ್ನೆಲ್ಲ ಕೊಂದೆಯಲ್ಲ ಎಂದು ರೇಗಿದೆ. "ತೊಳೀದಿರೋ ಮನೇಗೆ ಹುಳ ತರ್ತೀವಾ? ಹೋದ್ಸಲ ತೊಟ್ಟಿ ತೊಳೀದೆ ಹಂಗೇ ಬಿಟ್ಟೋಳು ನಾನೇ. ಮಗೂನ ಮೀನೆಲ್ಲಾ ನನ್ನಿಂದ್ಲೇ ಸತ್ತೋದ್ವು" ಎಂದು ಅತ್ತುಬಿಟ್ಟಳು. ಬೇಸಿಗೆಯಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ. ದಸರಾಕ್ಕೆ ನೀರು ಸಿದ್ಧವಾಗುವುದಿಲ್ಲ, ನನ್ನನ್ನು ಕ್ಷಮಿಸು. ಆದರೆ ಮೀನು ಸತ್ತಿದ್ದು ಅವಳಿಂದಲ್ಲ ಎಂದು ಬೇಗ ಒಂದು ಕಾಗದ ಹಾಕು, ಅವಳ ಹೆಸರಿಗೇ ಹಾಕು. ನಾನು ಎಷ್ಟು ಹೇಳಿದರೂ, ತನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆಂದೇ ಅವಳ ಅನುಮಾನ.