ಉಸಿರಿನ ಬುಡ್ಡಿ

ಭಾಗ್ಯನಗರ, ಕೊಪ್ಪಳ
13 ಆಗಸ್ಟ್ 1978, ಭಾನುವಾರ

ಪ್ರೀತಿಯ ತಮ್ಮ ಯಂಕೋಬ,

ನಿನಗೂ ಬಾಣಂತಿಗೂ ಕೂಸಿಗೂ ಅಕ್ಕನ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ? ನಮ್ಮ ಯಜಮಾನರ, ನಿನ್ನ ಮಾವನ, ಮಣ್ಣಿಗೆ ಬಂದವನು ಮಳೆಯಲ್ಲಿ ತೊಯ್ದುಕೊಂಡೇ ಹೋದೆ. ಕೂಸಿನ ಹೊಕ್ಕುಳ ಒಣಗಿತೇ? ಇಲ್ಲಿ ಅತ್ತೆ ಒತ್ತಾಯ ಮಾಡಿದರೆ ಎರಡು ತುತ್ತು ಉಣ್ಣುತ್ತಾರೆ. ನಾನು ಚೆನ್ನಾಗಿದ್ದೇನೆ ಎಂದೇ ತಿಳಿ. ಈಗ ಒಂದು ಮಾತು. ನಿನ್ನ ಶಾಲೆಯ ಬೇವಿನ ಗಿಡಕ್ಕೆ ತೂಗುಬಿಟ್ಟಿರುವ ಗಂಟೆಯನ್ನು ಯಾರೂ ಬಾರಿಸಬಾರದು. ನಾಡಿದ್ದು ಧ್ವಜ ಏರಿಸುವಾಗ ಮೊದಲ ಸಲ ಬಾರಿಸುತ್ತೇವೆ ಎಂದು ನೀನು ಬರೆದಿದ್ದೆ. ಬೇಡ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದು.

ನಿನ್ನೆ ಮಕ್ಬುಲಸಾಬ ಚಾಚಾ ಬಂದಿದ್ದರು. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ನೀನು ನಮ್ಮ ಗುಜರಿ ಅಂಗಡಿಯಲ್ಲಿ ಅವರನ್ನು ನೋಡಿದ್ದೀ. ದೊಡ್ಡ ಯುದ್ಧದ ಕಾಲದಲ್ಲಿ ನಮ್ಮ ಯಲಬುರ್ಗಿ ಕಡೆಯ ಮಂಗಳೂರಿನ ಗುಡ್ಡದ ಮೇಲೆ ಬಿದ್ದ ವಿಮಾನದ ಚೂರುಗಳನ್ನೆಲ್ಲ ಕೂಡಿಸಬೇಕೆಂಬ ಹುಚ್ಚು ಅವರಿಗೆ. ಆ ಹುಚ್ಚು ನಿನ್ನ ಮಾವನಿಗೂ ಹತ್ತಿತು. ಸುತ್ತಲಿನ ಹಳ್ಳಿಗಳನ್ನು ಸೈಕಲ್ಲಿನಲ್ಲಿ ಸುತ್ತಿ, ಒಬ್ಬರ ಮನೆಯಲ್ಲಿ ಕೋಳಿಗೂಡಿನ ಬಾಗಿಲಾಗಿದ್ದ ರೆಕ್ಕೆಯ ತಗಡು, ಇನ್ನೊಬ್ಬರಲ್ಲಿ ಉಪ್ಪಿನ ಭರಣಿಗೆ ಮುಚ್ಚಳವಾಗಿದ್ದ ಗಾಜಿನ ಮಾಪಕ, ಹೀಗೆ ತರುತ್ತಿದ್ದರು. ಚಾಚಾ ಹುಣಸೆಹಣ್ಣಿನಿಂದ ತಿಕ್ಕಿ, ಕೆತ್ತಿದ ಅಂಕಿ ನೋಡಿ, ಇದು ಎಂಜಿನ್ನಿನದು, ಇದು ಗಾಲಿಯದು ಎನ್ನುವರು. ಒಮ್ಮೆ ಇವರು ತಂದ ಏನನ್ನೋ ತಿರುಗಿಸಿ ನೋಡಿ, “ಓಬಳೆಪ್ಪಾ, ಇದು ವಿಮಾನದ್ದಲ್ಲೋ, ನಿಮ್ಮವ್ವನ ಸ್ಟೋವಿಂದು” ಎಂದು ನಗಿಸಿದ್ದರು.

ಚಾಚಾ ಎರಡು ಮಾತು ಹೇಳಿದ್ದರು. ಬಾಲಕ್ಕೆ ರೆಕ್ಕೆ ಇರುವುದನ್ನು ಮುಟ್ಟಬೇಡ, ಅದು ಬಾಂಬು. ಮೇಲೆ ಗಾಳಿ ತೆಳುವಾಗಿರುವುದರಿಂದ ವಿಮಾನದಲ್ಲಿ ಗಾಳಿ ತುಂಬಿದ ಕಬ್ಬಿಣದ ಉಸಿರಿನ ಬುಡ್ಡಿಗಳಿರುತ್ತವೆ, ಅವು ಸಿಕ್ಕರೆ ತಾ. ನಿನ್ನ ಮಾವ ಆ ಬುಡ್ಡಿಯ ಬೆನ್ನು ಹತ್ತಿದರು. ಕಡೆಗೆ ಒಬ್ಬ ರೈತನ ಕೊಟ್ಟಿಗೆಯಲ್ಲಿ ದನದ ಗೋದಲಿಗೆ ಆನಿಕೆ ಕೊಟ್ಟಿದ್ದ ಎರಡು ಸಿಕ್ಕವು, ಒಂದೇ ಅಳತೆಯವು. ಮನೆಗೆ ತಂದು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ಕೈಗೆ ಬಂದ ಲೋಹ ಯಾವುದಾದರೂ ಅವರು ಹಾಗೆಯೇ ಗುರುತಿಸುತ್ತಿದ್ದುದು. ಒಂದು ಕಂಚಿನಂತೆ ನಾದ ಬಿಟ್ಟಿತು. “ಇದರ ಉಸಿರು ಹೋಗೈತಿ, ಯಂಕೋಬನ ಸಾಲಿಗೆ ಗಂಟಿ ಆಗ್ತೈತಿ” ಎಂದು ನಿನಗೆ ಕೊಟ್ಟರು. ಇನ್ನೊಂದು ಮಣ್ಣಿನ ಹೆಂಟೆಯಂತೆ ದಪ್ಪ ಸದ್ದು ಮಾಡಿತು. ನನ್ನನ್ನು ಕರೆದು, “ನೋಡು, ಇದರಾಗ ಇನ್ನೂ ಉಸಿರೈತಿ” ಎಂದರು. ಮೂತಿ ಬಿಚ್ಚಿ ಚಾಚಾನಿಗೆ ಕೊಡಬೇಕೆಂದು ಸುತ್ತಿಗೆ ಹಿಡಿದು ಅಂಗಡಿಗೆ ಹೋದರು. ಆಮೇಲಿನದು ನಿನಗೆ ಗೊತ್ತು. ಗ್ಯಾಸಿನ ಟಾಕಿ ಒಡೆಯಿತು ಎಂದು ಜನ ಅಂದರು, ನಾವೂ ನಂಬಿದೆವು.

ನಿನ್ನೆ ಚಾಚಾ ಅಂಗಡಿಯ ಗೋಡೆಯಲ್ಲಿ ನೆಟ್ಟಿದ್ದ ಒಂದು ಚೂರನ್ನು ಕಿತ್ತು ತಿಕ್ಕಿ ನೋಡಿದರು. “ಇದು ಬುಡ್ಡಿದಲ್ಲ, ಬಾಂಬಿಂದು” ಎಂದರು. ಯಾರೋ ಮೊದಲೇ ಅದರ ಬಾಲ ಕತ್ತರಿಸಿ ತಗಡನ್ನು ಯಾವುದಕ್ಕೋ ಬಳಸಿದ್ದರಂತೆ, ಅದಕ್ಕೇ ಗುರುತು ಹತ್ತಲಿಲ್ಲ. ನಾನು ನಿನ್ನ ಗಂಟೆಯ ಸುದ್ದಿ ಹೇಳಿದೆ, ಅದು ಚೆನ್ನಾಗಿ ನಾದ ಬಿಡುತ್ತದೆ, ಖಾಲಿಯದು ಎಂದೆ. “ಸಪ್ಪಳ ಬಂತಂದ್ರ ಹೊಟ್ಟಿ ಖಾಲಿ ಐತಿ ಅಂತ ಅಷ್ಟ, ಫಕೀರಮ್ಮ. ಮೂತ್ಯಾಗಿನ ಜೀವ, ಆ ಸಿಡಿಮದ್ದು, ಸಪ್ಪಳ ಮಾಡೂದಿಲ್ಲ” ಎಂದರು.

ಚಾಚಾ ಠಾಣೆಗೆ ಹೋಗಿ ಬರೆಸಿ ಬಂದಿದ್ದಾರೆ. ಸೈನ್ಯದವರು ಬಂದು ಬಿಚ್ಚಬೇಕಂತೆ. ಕುಷ್ಟಗಿ ಠಾಣೆಗೆ ತಿಳಿಸುತ್ತಾರಂತೆ, ಆದರೆ ಆ ಮಾತು ನಿಮ್ಮೂರಿಗೆ ಯಾವಾಗ ಮುಟ್ಟುತ್ತದೋ. ನೀನು ಅದನ್ನು ಇಳಿಸಲು ಹೋಗಬೇಡ, ಬಾವಿಗೂ ಹಾಕಬೇಡ. ಮಕ್ಕಳು ಕಲ್ಲು ಬೀರುತ್ತಾರೆ, ಕಲ್ಲೂ ಬೀಳಬಾರದು. ಕಂಡಕ್ಟರ್ ದಾದೇಸಾಬನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ.

ಬಾಣಂತಿಯನ್ನು ಗಾಳಿಗೆ ಬಿಡಬೇಡ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಫಕೀರಮ್ಮ

ತಾ.ಕ.: ದಾದೇಸಾಬನ ಬಸ್ಸು ಕುಷ್ಟಗಿಯಲ್ಲೇ ನಿಲ್ಲುತ್ತದಂತೆ, ಕಾಗದ ಅಲ್ಲಿಯ ಅಂಗಡಿಯಲ್ಲಿ ಬಿದ್ದಿರುತ್ತದೆ. ಅದಕ್ಕೆ ನಾನೇ ಹೊರಟಿದ್ದೇನೆ. ಅತ್ತೆ ಬಾಗಿಲಿಗೆ ಅಡ್ಡ ಕೂತಿದ್ದರು. “ಗಂಡ ಸತ್ತು ತಿಂಗಳೊಪ್ಪತ್ತು ಆಗದ ರಂಡಿ ಹೊರಗ ಬಿದ್ರ, ಆ ಊರಾನ ಮಂದಿ ಬಾಗಲಾ ಹಾಕ್ಕೋತಾರ” ಎಂದರು. ಹಾಕಿಕೊಳ್ಳಲಿ. ನಿನ್ನ ಮನೆಗೆ, ಕೂಸಿನ ಹತ್ತಿರಕ್ಕೆ ನಾನು ಬರುವುದಿಲ್ಲ. ಈ ಕಾಗದವನ್ನು ಊರ ಅಗಸಿಬಾಗಿಲಲ್ಲಿ ಸಿಕ್ಕವರ ಕೈಗೆ ಕೊಟ್ಟು ನೇರ ಶಾಲೆಗೆ ಹೋಗಿ, ಆ ಬೇವಿನ ಗಿಡದ ಕೆಳಗೆ ಕೂರುತ್ತೇನೆ. ನನ್ನ ಮುಖ ಕಂಡರೆ ಅಪಶಕುನವೆಂದು ದೊಡ್ಡವರು ಬರುವುದಿಲ್ಲ, ಮಕ್ಕಳನ್ನೂ ಬಿಡುವುದಿಲ್ಲ. ಸೈನ್ಯದವರು ಬರುವ ತನಕ ಅಲ್ಲೇ ಇರುತ್ತೇನೆ. ನೀನು ಊಟ ತಂದರೆ ದೂರದಲ್ಲೇ ಇಟ್ಟು ಹೋಗು.