ರಾಣಿಯ ಬೆನ್ನಿಗೆ ಜಿಪ್ ಹಚ್ಚಿದವನ ಅಹವಾಲು

ಐತಿಹಾಸಿಕ ಕಾದಂಬರಿಗಳ ಪ್ರಕಾಶನ ಸಂಸ್ಥೆಯ ಮುಖಪುಟ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಹನ್ನೆರಡನೆಯ ಶತಮಾನದ ರಾಣಿಯ ಬೆನ್ನ ಮೇಲಿರುವ ಜಿಪ್ ನಾನು ಹಚ್ಚಿದ್ದು. ಹದಿನಾಲ್ಕನೆಯ ಶತಮಾನದ ರಾಣಿಯದೂ ನಾನೇ ಹಚ್ಚಿದ್ದು. ಹದಿನೇಳನೆಯ ಶತಮಾನದ ಬೇಗಮರದ್ದು ಕೂಡ. ಏಕೆಂದರೆ ಮೂವರೂ ಒಬ್ಬಳೇ, ಮೂವರ ಮೈಮೇಲಿರುವುದೂ ಒಂದೇ ರವಿಕೆ. ಅದನ್ನು ಏಳು ವರ್ಷದ ಹಿಂದೆ ರಾಯಬಾಗದ ಬಜಾರದಲ್ಲಿರುವ ನನ್ನ ಅಂಗಡಿಯಲ್ಲಿ ಹೊಲಿದೆ. ಈಗ ನಾಲ್ಕನೆಯ ಬಾರಿ ಅದೇ ಚಿತ್ರವನ್ನು ನನ್ನ ಮಗಳು ಬರೆದ ಕಾದಂಬರಿಯ ಮೇಲೆ ಹಾಕಿದ್ದೀರಿ. ತೆಗೆಯಿರಿ ಎಂದು ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಆದ್ದರಿಂದ ಈ ಪತ್ರವನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಇವನು ಸುಮ್ಮನೆ ಜಗಳ ತೆಗೆಯುತ್ತಿದ್ದಾನೆ ಎನ್ನುವಿರಾದರೆ ನಾಲ್ಕೂ ಪುಸ್ತಕ ಮುಂದಿಟ್ಟುಕೊಳ್ಳಿ. ಎಡತೋಳಿನ ಜರಿಪಟ್ಟಿ ಎರಡು ಬೆರಳು ಕಡಿಮೆ ಬಿದ್ದಿತ್ತು, ಬೇರೆ ಪಟ್ಟಿಯ ತುಂಡು ಜೋಡಿಸಿದ್ದೆ. ಮೊದಲ ರಾಣಿಯ ಎಡತೋಳಿನಲ್ಲಿ ಆ ಜೋಡಣೆ ಇದೆ. ಎರಡನೆಯವಳದ್ದು ಬಲತೋಳಿಗೆ ಹೋಗಿದೆ, ಅಂದರೆ ನೀವು ಚಿತ್ರವನ್ನು ತಿರುವಿ ಹಾಕಿದ್ದೀರಿ. ಬೇಗಮರಿಗೆ ಹಸಿರು ಬಣ್ಣ ಬಳಿದು, ಜಿಪ್ಪಿನ ಮೇಲೆ ಮುತ್ತಿನ ಸರ ಇಳಿಬಿಟ್ಟು ಮುಚ್ಚಿದ್ದೀರಿ. ಆದರೆ ಜಿಪ್ ಎಳೆಯುವ ರನ್ನರ್ ಸರದ ಕೆಳಗೆ ಇಣುಕುತ್ತಿದೆ. ಅಷ್ಟು ಶತಮಾನ ದಾಟಿ ಬಂದರೂ ಆಕೆಗೆ ವಯಸ್ಸಾಗಲಿಲ್ಲ, ರವಿಕೆ ಬಿಗಿಯಾಗಲಿಲ್ಲ. ಟೇಲರನಾಗಿ ನನಗೆ ಹೆಮ್ಮೆಯಾಗಬೇಕೇನೋ!

ಆ ರವಿಕೆ ಹುಟ್ಟಿದ ಕಥೆಯನ್ನೂ ಕೇಳಿ. ಅಥಣಿ ತಾಲೂಕಿನ ಅನಂತಪುರದವರು ಒಂದು ನಾಟಕ ಆಡಿದರು. ಅದರಲ್ಲಿ ರಾಣಿ ಎರಡು ನಿಮಿಷದೊಳಗೆ ವೇಷ ಬದಲಿಸಿ ಭಿಕ್ಷುಕಿಯಾಗಿ ಬರಬೇಕು. ನಾಟಕದ ವ್ಯವಸ್ಥೆ ನೋಡುತ್ತಿದ್ದ ಅಣ್ಣಾಸಾಬ ಅವರು, "ಹುಕ್ಕು ಬಿಚ್ಚಕೋಂತ ಕುಂತ್ರ ಮಂದಿ ಎದ್ದು ಹೊಕ್ಕಾರ್ರಿ ಹುಸೇನಮಿಯಾ, ಜಿಪ್ ಇಡ್ರಿ" ಎಂದರು. ಇಟ್ಟೆ. ಪಾತ್ರದಾಕೆ ದೂರದ ಊರಿನವಳು, ಅಳತೆ ನೋಡಲು ಸಿಗಲಿಲ್ಲ. ಆಗ ಪಿಯುಸಿ ಓದುತ್ತಿದ್ದ ನನ್ನ ಮಗಳು ಕಹಕಶಾಳಿಗೆ ತೊಡಿಸಿ, ಫೋನಿನಲ್ಲಿ ಫೋಟೋ ತೆಗೆದು ಅಣ್ಣಾಸಾಬರಿಗೆ ಕಳಿಸಿದೆ. ಮುಖ ಕಂಡರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ, ಆ ಕಡೆ ತಿರುಗಿ ನಿಲ್ಲು ಎಂದು ಹೇಳಿದವನು ನಾನೇ. ಅವರು ಅದನ್ನು ನಾಟಕದ ಜಾಹೀರಾತೆಂದು ಫೇಸ್‌ಬುಕ್ಕಿಗೆ ಹಾಕಿದರು. ಅಲ್ಲಿಂದ ಯಾರ ಕೈಗೆ ಹೋಗಿ ನಿಮ್ಮ ಮೇಜಿಗೆ ಬಂತೋ ನನಗೆ ಗೊತ್ತಿಲ್ಲ, ಪ್ರಾಯಶಃ ನಿಮಗೂ ಗೊತ್ತಿಲ್ಲ.

ಮೊದಲ ಮೂರು ಪುಸ್ತಕ ಬಂದಾಗ ನಾವು ಮನೆಯಲ್ಲಿ ನಕ್ಕೆವು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ತನ್ನ ಬೆನ್ನನ್ನು ತಾನೇ ಕಂಡು ಕಹಕಶಾ ತನ್ನ ಅಬ್ಬನಾದ ನನಗೆ ಫೋನ್ ಮಾಡಿ, "ಅಬ್ಬಾ, ನಾ ರಾಣಿ ಆಗೇನ್ರಿ, ಇನ್ನ ಮ್ಯಾಲ ನನಗ ಭಾಂಡಿ ತಿಕ್ಕ ಅನಬ್ಯಾಡ್ರಿ" ಎಂದಿದ್ದಳು. ಆ ನಗುವಿನ ಪಾಪವೇ ಈಗ ಸುತ್ತಿಕೊಂಡಿತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಈಗ ಅವಳು ನಿಪ್ಪಾಣಿಯ ಒಂದು ಶಾಲೆಯಲ್ಲಿ ಇತಿಹಾಸ ಕಲಿಸುತ್ತಾಳೆ. ನಾಲ್ಕು ವರ್ಷ ಕೂತು ಕಾದಂಬರಿ ಬರೆದಳು. ನಾನೂರೈವತ್ತು ವರ್ಷದ ಹಿಂದೆ ದಂಡಿನ ಬೆನ್ನುಹತ್ತಿ ಕೃಷ್ಣಾ ದಂಡೆಗುಂಟ ನಡೆದು, ಹರಿದ ಡೇರೆಗಳನ್ನು ಹೊಲಿಯುತ್ತಿದ್ದ ಬಡ ಹೆಂಗಸರ ಕಥೆ. ಅದರಲ್ಲಿ ರಾಣಿ ಇಲ್ಲ. ರೇಷ್ಮೆಯ ಒಂದು ಎಳೆ ಕೂಡ ಇಲ್ಲ. "ಅಬ್ಬಾ, ಆವಾಗ ನೂಲಿಗೆ ಮೇಣ ಹಚ್ಚತಿದ್ರೇನ್ರಿ?" ಎಂದು ನನ್ನನ್ನು ಕೇಳುವಳು. "ನಾ ಆವಾಗ ಹುಟ್ಟಿದ್ದಿಲ್ಲ ಬೇಟಿ" ಎಂದರೂ ಬಿಡುತ್ತಿರಲಿಲ್ಲ. ಆ ಕಾಲಕ್ಕೆ ನಮ್ಮ ಕಡೆ ಮೆಣಸಿನಕಾಯಿ ಬಂದಿತ್ತೋ ಇಲ್ಲವೋ ಎಂದು ಎರಡು ವಾರ ಒದ್ದಾಡಿ, ಖಚಿತವಾಗದೆ, ಇಡೀ ಒಂದು ಊಟದ ಪ್ರಸಂಗವನ್ನೇ ಕಿತ್ತು ಹಾಕಿದಳು. ಒಂದು ಮೆಣಸಿನಕಾಯಿಗೆ ಹೆದರಿದವಳ ಪುಸ್ತಕಕ್ಕೆ ನೀವು ಜಿಪ್ ಹಚ್ಚಿದಿರಿ ಸ್ವಾಮಿ.

ದಬ್ಬಣದ ಹೊಲಿಗೆ ಕಲಿಯಲು ಅವಳು ಭಾನುವಾರಗಳಂದು ಬಸ್ಸು ಬದಲಿಸುತ್ತ ತೆಲಸಂಗಕ್ಕೆ ಹೋಗುತ್ತಿದ್ದಳು. ಅಲ್ಲಿ ಅಕ್ಕುತಾಯಿ ಎಂಬ ಹಿರಿಯರಿದ್ದಾರೆ. ಆಯುಷ್ಯವೆಲ್ಲ ಹೊಲದ ಕೂಲಿ ಮಾಡಿ, ಬಿಡುವಿನಲ್ಲಿ ಕೌದಿ, ಗೋಣಿಚೀಲ ಹೊಲಿದವರು. ದಪ್ಪ ನೂಲು ಎಳೆದಾಗ ಬೆರಳು ಎಲ್ಲಿ ಸೀಳುತ್ತದೆ, ಆ ಸೀಳಿಗೆ ಏನು ಹಚ್ಚಬೇಕು ಎಂಬುದನ್ನೆಲ್ಲ ಅವರೇ ಹೇಳಿಕೊಟ್ಟದ್ದು. ಓದು ಬರಹ ಬಾರದು. "ನಮ್ಮಂಥಾರ ಕತಿ ಯಾರ ಬರದಾರವಾ? ಬರಿ, ಬರಿ. ಪುಸ್ತಕ ಆದಮ್ಯಾಲ ತಂದು ನನಗ ತೋರಸಬೇಕ ನೋಡ" ಎಂದು ಮಾತು ತೆಗೆದುಕೊಂಡಿದ್ದರು.

ಪುಸ್ತಕದ ಪಾರ್ಸೆಲ್ ಬಂದ ದಿನ ಕಹಕಶಾ ಕಾಗದ ಹರಿದು, ಮೇಲಿನ ಪುಸ್ತಕ ಕೈಗೆತ್ತಿಕೊಂಡು ತೋಳಿನ ಜೋಡಣೆಯ ಮೇಲೆ ಬೆರಳಿಟ್ಟಳು. "ಅಬ್ಬಾ, ಇಕಿ ನಾನs ಅಲ್ಲೇನ್ರಿ?" ಎಂದಳು. ಹಿಂದೆ ಕೆಂಪು ಆಕಾಶ, ಕೋಟೆ, ಆನೆ. ಅವಳ ಕಥೆಯಲ್ಲಿ ಆನೆಯೂ ಇಲ್ಲ. ಕೂಡಲೇ ನಿಮ್ಮ ವಿಭಾಗಕ್ಕೆ ಫೋನ್ ಮಾಡಿದಳು, ನಾನು ಪಕ್ಕದಲ್ಲೇ ಇದ್ದೆ. "ಐತಿಹಾಸಿಕ ಅಂದ್ರೆ ರಾಣಿ ಇರ್ಲೇಬೇಕು ಮೇಡಂ" ಎಂದರು ನಿಮ್ಮವರು. ನನ್ನ ಕಥೆಯಲ್ಲಿ ರಾಣಿ ಇಲ್ಲವಲ್ಲ ಎಂದಳು. "ಅದು ಓದಿದ್ಮೇಲೆ ತಾನೇ ಗೊತ್ತಾಗೋದು?" ಆ ಚಿತ್ರದಲ್ಲಿರುವವಳು ನಾನೇ ಎಂದಳು. ಅದಕ್ಕೆ ಬಂದ ಉತ್ತರ, "ಹೌದಾ? ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮೇಡಂ!"

ಯಾರಿಗೆ ಒಳ್ಳೆಯದಾಯಿತು? ರಾಯಬಾಗದ ವಾಚನಾಲಯದಲ್ಲಿ ನಿವೃತ್ತ ಶಿಕ್ಷಕರಾದ ರಾಜಾರಾಮ ಗುರುಗಳು ಪುಸ್ತಕವನ್ನು ಕೈಗೆ ತೆಗೆದುಕೊಂಡು, "ಇದನ್ನ ಹ್ವಾದ ವರ್ಷನs ಓದೀನಿ" ಎಂದು ತಿರುಗಿ ಇಟ್ಟರಂತೆ. ಅವರದೇನು ತಪ್ಪು? ರಾಣಿಯನ್ನು ಅವರು ನಿಜವಾಗಿಯೂ ಓದಿದ್ದರು. ಇದನ್ನಾದರೂ ಸಹಿಸಿಕೊಳ್ಳಬಹುದಿತ್ತು.

ತೆಲಸಂಗಕ್ಕೆ ಮಗಳ ಜೊತೆ ನಾನೂ ಹೋದೆ. ಅಕ್ಕುತಾಯಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಪುಸ್ತಕ ಹಿಡಿದರು. ಕಣ್ಣಿನ ಸಮೀಪ ಒಯ್ದು ನೋಡಿದರು.

"ಇಕಿ ಯಾರವಾ?"

"ಅದು ಸುಮ್ನ ಚಿತ್ರರಿ ಆಯಿ. ಒಳಗ ನಿಮ್ಮ ಕತಿನs ಐತಿ."

"ಒಳಗ ನನಗೇನ ತಿಳೀತೈತಿ? ಮ್ಯಾಲ ರಾಣಿ ಅದಾಳ."

ಕಹಕಶಾ ಅಲ್ಲೇ ಕೂತು ಎರಡು ಪುಟ ಓದಿದಳು. ಬೆರಳು ಸೀಳುವ ಪ್ರಸಂಗ, ಅಕ್ಕುತಾಯಿ ಹೇಳಿದ್ದ ಮಾತಿನಲ್ಲೇ ಬರೆದದ್ದು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಅವಳ ಗಲ್ಲ ಸವರಿ ಹೇಳಿದರು, "ನನಗ ಬ್ಯಾಸರ ಆಗಬಾರದಂತ ಪುಸ್ತಕದಾಗ ಇರದ್ದನ್ನ ಬಾಯಿಲೆ ಹೇಳಾಕತ್ತಿ. ಇರ್ಲಿ ಬಿಡ ಮಗಳ. ರಾಣಿ ಕತಿ ಬರದ್ರನ ಮಂದಿ ತಗೋತಾರ, ನನಗ ತಿಳೀತೈತಿ. ನೀ ಛಲೋ ಇರು."

ಸಿಟ್ಟಾಗಿ ಬೈದಿದ್ದರೆ ನಾವು ವಾದ ಮಾಡುತ್ತಿದ್ದೆವು. ಅವರು ಕ್ಷಮಿಸಿಬಿಟ್ಟರು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಏನು ಮಾಡಬೇಕು, ಮಾನ್ಯರೇ? ಓದಲು ಬಾರದವರ ಪಾಲಿಗೆ ಪುಸ್ತಕವೆಂದರೆ ಮುಖಪುಟವೊಂದೇ. ಅವರು ಓದಬಲ್ಲ ಆ ಒಂದೇ ಪುಟದಲ್ಲಿ ನೀವು ಸುಳ್ಳು ಅಚ್ಚು ಹಾಕಿದ್ದೀರಿ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮಗಳು ಅತ್ತಳು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ.

ಇದಾಗಿ ಮೂರು ತಿಂಗಳಾಯಿತು. ಎರಡನೆಯ ಕಾದಂಬರಿಗೆಂದು ಬರೆದಿಟ್ಟುಕೊಂಡ ಟಿಪ್ಪಣಿಗಳು ಚೀಲದಲ್ಲೇ ಇವೆ. ಈಗ ಅವಳು ಸೂಜಿಯ ಬಗ್ಗೆಯಾಗಲಿ ನೂಲಿನ ಬಗ್ಗೆಯಾಗಲಿ ನನ್ನನ್ನು ಏನೂ ಕೇಳುವುದಿಲ್ಲ. ಯಾಕೆ ಬರೆಯುತ್ತಿಲ್ಲ ಎಂದರೆ, "ಬರದ ಏನ ಮಾಡೂದೈತ್ರಿ ಅಬ್ಬಾ, ಮ್ಯಾಲ ಮತ್ತ ಅಕಿನs ಬಂದ ನಿಲ್ತಾಳ" ಎನ್ನುತ್ತಾಳೆ. ಅವಳನ್ನು ಬೈಯಲಾರೆ. ನಿಮ್ಮನ್ನು ಬೈದರೆ ನಿಮಗೆ ತಾಗುವುದಿಲ್ಲ. ಹರಿದದ್ದನ್ನು ಹೊಲಿಯುವುದು ನನ್ನ ಕೆಲಸ, ಆದರೆ ಇದನ್ನು ಎಲ್ಲಿಂದ ಹಿಡಿದು ಹೊಲಿಯಬೇಕೋ ತಿಳಿಯುತ್ತಿಲ್ಲ.

ಎರಡನೆಯ ಮುದ್ರಣ ತಯಾರಾಗುತ್ತಿದೆ ಎಂದು ಕೇಳಿದ್ದೇನೆ. ನಿಮಗೆ ಚಿತ್ರಕಾರರು ಸಿಗದಿದ್ದರೆ ಚಿತ್ರವೇ ಬೇಡ. ಬರೀ ಕಾಗದದ ಮೇಲೆ ಪುಸ್ತಕದ ಹೆಸರು, ಬರೆದವಳ ಹೆಸರು ಹಾಕಿ, ಉಳಿದದ್ದನ್ನು ಖಾಲಿ ಬಿಡಿ. ಖಾಲಿ ಜಾಗ ಯಾರಿಗೂ ಸುಳ್ಳು ಹೇಳುವುದಿಲ್ಲ. ಅದನ್ನೂ ನೀವು ಮಾಡಲಿಕ್ಕಿಲ್ಲ, ನನಗೆ ಗೊತ್ತು. ಹಾಗಾದರೆ ಇನ್ನೊಂದನ್ನಾದರೂ ಮಾಡಿ. ನಿಮ್ಮ ಕಚೇರಿಯಿಂದ ಒಬ್ಬರು, ಯಾರಾದರೂ ಸರಿ, ಒಂದು ದಿನ ತೆಲಸಂಗಕ್ಕೆ ಬನ್ನಿ. ಅಕ್ಕುತಾಯಿಯ ಮುಂದೆ ಕೂತು, ನನ್ನ ಮಗಳು ಓದಿದ ಅದೇ ಎರಡು ಪುಟಗಳನ್ನು ಓದಿ, ಇದು ಇದರಲ್ಲಿ ನಿಜವಾಗಿಯೂ ಅಚ್ಚಾಗಿದೆ, ಈ ಹುಡುಗಿ ನಿಮಗೆ ಮೋಸ ಮಾಡಿಲ್ಲ ಎಂದು ಹೇಳಿ. ನನ್ನ ಮಗಳ ಮಾತನ್ನು ಅವರು ನಂಬಲಿಲ್ಲ, ಅವಳ ತಂದೆಯಾದ ನನ್ನದನ್ನೂ ನಂಬಲಿಕ್ಕಿಲ್ಲ. ಪುಸ್ತಕ ಅಚ್ಚು ಹಾಕುವವರು ನೀವು, ನಿಮ್ಮದನ್ನು ನಂಬಬಹುದು. ಅವರಿಗೆ ಎಂಬತ್ತಾರು ದಾಟಿದೆ. ಬರುವುದಾದರೆ ಬೇಗ ಬನ್ನಿ.

ಇಂತಿ,
ಯಾರೂ ಕೇಳದೆಯೇ ನಿಮ್ಮ ರಾಣಿಯರೆಲ್ಲರ ಟೇಲರನಾದ,
ಹುಸೇನಮಿಯಾ
ರಾಯಬಾಗ